ದೊಡ್ಡಪ್ಪನ ಕಪ್ಪು ಫೋಟೊ

"ಅಯ್ಯೋ, ಇದು ನಮ್ಮಪ್ಪ ಕಣ್ಲಾ!" ಎಂದು ದೊಡ್ಡಪ್ಪ ನನ್ನ ಕ್ಯಾಮೆರಾದ ಪರದೆ ಮುಟ್ಟಿದರು. ನಾನು ತಬ್ಬಿಬ್ಬಾದೆ. ಅದು ಅವರದೇ ಫೋಟೊ, ಅದೂ ಕೆಟ್ಟುಹೋದ ಫೋಟೊ.

ಬಿಳಿಗೆರೆಯ ಅವರ ಮನೆಯಲ್ಲಿ, ತೆಂಗಿನ ಗರಿಗಳ ನೆರಳು ಬೀಳದ ಜಗಲಿಯ ಮೇಲೆ, ಮನೆಮಂದಿಯನ್ನು ಒಬ್ಬೊಬ್ಬರಾಗಿ ಕೂರಿಸಿ ತೆಗೆಯುತ್ತಿದ್ದೆ. ಎಲ್ಲರ ಮುಖವೂ ಒಂದೇ ಹದದಲ್ಲಿ ಬರಲೆಂದು ಗುರಿಯಿಟ್ಟ ಒಂದು ಚುಕ್ಕೆಯ ಬೆಳಕನ್ನಷ್ಟೇ ಅಳೆಯುವ ಸ್ಪಾಟ್ ಮೀಟರಿಂಗ್ ಇಟ್ಟು, ಪ್ರತಿಯೊಬ್ಬರ ಹಣೆಗೇ ಗುರಿ ಹಿಡಿದಿದ್ದೆ. ಉಳಿದವರೆಲ್ಲ ಚೆನ್ನಾಗಿ ಬಂದರು. ಆಗತಾನೇ ಶಿವಪೂಜೆ ಮುಗಿಸಿ ಬಂದಿದ್ದ ದೊಡ್ಡಪ್ಪ ಮಾತ್ರ ಕಪ್ಪಗೆ ಬಂದರು. ಮತ್ತೆ ತೆಗೆದರೂ ಅದೇ ಕಥೆ. ಇದೇನು ಗ್ರಹಚಾರ ಎಂದು ತಲೆ ಕೆರೆದುಕೊಂಡ ಮೇಲೆ ಹೊಳೆಯಿತು: ಕ್ಯಾಮೆರಾ ಅವರ ಚರ್ಮದ ಬದಲು ಹಣೆಯ ದಪ್ಪ ವಿಭೂತಿಯನ್ನು ಅಳೆದಿತ್ತು. ಆ ಬಿಳುಪನ್ನು ತಗ್ಗಿಸಲು ಹೋಗಿ ಇಡೀ ಮುಖವನ್ನೇ ಕಪ್ಪು ಮಾಡಿತ್ತು. ಕೆನ್ನೆಗೆ ಗುರಿಯಿಟ್ಟು ತೆಗೆದೆ, ಸರಿಯಾಯಿತು.

"ಇದು ಬುಡಪ್ಪ, ಆ ಕಪ್ಪುದ್ನೇ ಕೊಡು. ನಿಮ್ಮ ತಾತ ಹಿಂಗೇ ಕರ್ರಗಿದ್ರು. ಅವರ್ದು ಒಂದು ಫೋಟೊನೂ ಇಲ್ಲ" ಎಂದರು ದೊಡ್ಡಪ್ಪ.

ಕೊಟ್ಟೆ. ಮೊನ್ನೆ ಹೋದಾಗ ಅದು ಕಟ್ಟು ಹಾಕಿಸಿಕೊಂಡು, ಹೂವಿನ ಹಾರದೊಂದಿಗೆ ಗೋಡೆಯಲ್ಲಿತ್ತು. ಅದರ ಕೆಳಗೇ ದೊಡ್ಡಪ್ಪ ಕೂತು ಕಾಫಿ ಕುಡಿಯುತ್ತಿದ್ದರು. ಕೈ ಮುಗಿಯಬೇಕೋ ಬೇಡವೋ ತಿಳಿಯದೆ ನಿಂತೇ ಇದ್ದೆ.