ಚಿಕ್ಕಬೈರಪ್ಪ ಎತ್ತಿದ ಭಾರ

ಕುಂದಲಹಳ್ಳಿಯ ಚಿಕ್ಕಬೈರಪ್ಪನವರಿಗೆ ಹೊಲ ಇದ್ದಷ್ಟು ದಿನ ಮೈ ಇತ್ತು. ಹೊಲ ಹೋಗಿ ಅದರ ಜಾಗದಲ್ಲಿ ಹನ್ನೆರಡು ಬಾಡಿಗೆ ಮನೆ ಎದ್ದವು. ಬಾಡಿಗೆ ಬಂತು, ಬಾಡಿ ಬಾಡಿತು. ಅರವತ್ತನಾಲ್ಕಕ್ಕೆ ಅವರು ನೆಲದ ಮೇಲೆ ಊಟಕ್ಕೆ ಕೂತರೆ ಏಳಲು ಗೋಡೆ ಬೇಕು. ಗೋಡೆ ಇಲ್ಲದ ಕಡೆ ನೆಂಟರು ಬೇಕು. ಸಕ್ಕರೆ ಕಾಯಿಲೆಗೆ ದಿನಕ್ಕೆರಡು ಮಾತ್ರೆ ಬೇರೆ.

ತೊಂಬತ್ತೇಳರ ದೀಪಾವಳಿ ಕಳೆದ ವಾರ ಹೆಂಡತಿ ಈಶ್ವರಮ್ಮನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ನಿಂತವು, ಹಟ ನಿಲ್ಲಲಿಲ್ಲ. ಮಲಗಿದಲ್ಲೇ ಪಾತ್ರೆ ಇಡಲು ಬಿಡರು, ಕೆಲಸದ ಹೆಂಗಸಿನ ಕೈ ಮುಟ್ಟಿಸಿಕೊಳ್ಳರು. "ಸಾಯೋಗಂಟ ಇತ್ಲಿಗೆ ಓಗೇ ಓಗ್ತೀನಿ" ಎಂದು ತೊದಲಿದರು. ಮಕ್ಕಳಿಲ್ಲದ ಮನೆ. ಹಿತ್ತಲ ಕಕ್ಕಸಿಗೆ ಎತ್ತಿಕೊಂಡು ಹೋಗಬೇಕಾದವರು ಗಂಡನೇ. ಆಸ್ಪತ್ರೆಯಿಂದ ಬಂದ ಮೂರನೇ ದಿನ ಹೊಸಿಲ ಹತ್ತಿರ ಇಬ್ಬರೂ ಬಿದ್ದರು.

ಈಶ್ವರಮ್ಮನ ತಮ್ಮ ಆಂಜಿನಪ್ಪ ವರ್ತೂರಿನಿಂದ ಓಡಿಬಂದ. "ನಿನ್ ಕೈಲಿ ಆಗಕಿಲ್ಲ ಬಾವ. ಎಲ್ಲಾರಾ ನೋಡ್ಕೊಳ್ಳೋ ಜಾಗಕ್ಕೆ ಸೇರ್ಸುಮಾ."

"ಒಂದು ಮೂರು ತಿಂಗ್ಳು ಟೇಮ್ ಕೊಡು, ಅಲ್ಲೀಗಂಟ ನೀನೂ ಬಂದು ಎತ್ತಕ್ಕೆ ಒಂದು ಕೈ ಕೊಡು," ಅಂದರು ಚಿಕ್ಕಬೈರಪ್ಪ.

ಮಹಡಿಯ ಬಾಡಿಗೆದಾರ ಕೊಟ್ರೇಶ್ ಹರಿಹರದವನು, ಕಾರ್ಖಾನೆಯಲ್ಲಿ ಸೂಪರ್‌ವೈಸರ್, ಕಾಲೇಜಿನಲ್ಲಿ ಭಾರ ಎತ್ತಿ ಪದಕ ಪಡೆದವನು. ಚಿಕ್ಕಬೈರಪ್ಪ ನಾಚಿಕೆ ಬಿಟ್ಟು ಅವನನ್ನೇ ಕೇಳಿದರು.

"ದಿನಾ ವಾಕಿಂಗ್ ಓಗ್ತೀನಲ್ಲ, ಸಾಲ್ದಾ?"

"ವಾಕಿಂಗ್ ಎದೆಗೆ ಒಳ್ಳೇದ್ರಿ ಗೌಡ್ರ. ತೊಡೆಗೆ ಸಾಲಂಗಿಲ್ಲ. ವಯಸ್ಸಾದಂಗೆ ಮಾಂಸ ಕರಗತೈತಿ. ಭಾರ ಕೊಟ್ರಷ್ಟೇ ಅದು ಉಳೀತೈತಿ."

ಮಾತ್ರೆ ಬರೆದುಕೊಟ್ಟ ಡಾಕ್ಟರನ್ನು ಕೇಳಿಕೊಂಡೇ ಶುರು ಮಾಡಿದರು. ಗೋಣಿಚೀಲಕ್ಕೆ ಮರಳು ತುಂಬಿ ರಾಗಿ ಮಿಲ್ಲಿನಲ್ಲಿ ತೂಗಿಸಿದರು. ಮೊದಲು ಹತ್ತು ಕಿಲೋ. ವಾರಕ್ಕೆ ಎರಡೇ ದಿನ, ದಿನಕ್ಕೆ ಇಪ್ಪತ್ತೇ ನಿಮಿಷ. ಚೀಲ ಅಪ್ಪಿಕೊಂಡು ಸ್ಟೂಲಿನ ಮೇಲೆ ಕೂತು ಏಳಬೇಕು, ನಿಧಾನವಾಗಿ, ಎಂಟನೆಯದು ಮುಗಿದಾಗ ಒಂಬತ್ತನೆಯದು ಆಗುವುದೇ ಇಲ್ಲ ಅನ್ನಿಸುವಷ್ಟು. ಆಮೇಲೆ ಎರಡು ಮೂರು ದಿನ ಸುಮ್ಮನಿರಬೇಕು. ಸುಮ್ಮನಿರುವುದರಲ್ಲಿ ಮಾತ್ರ ಅವರಿಗೆ ಆಗಲೇ ಹತ್ತು ವರ್ಷದ ಅನುಭವವಿತ್ತು.

ಶಿವರಾತ್ರಿಯ ಹೊತ್ತಿಗೆ ಚೀಲ ಇಪ್ಪತ್ತೈದಾಯಿತು. ನೆಲದಿಂದ ಕೈಯೂರದೆ ಎದ್ದರು. ಡಾಕ್ಟರು ಒಂದು ಮಾತ್ರೆ ಕಿತ್ತುಹಾಕಿದರು. ನಿದ್ದೆ ಚೆನ್ನಾಗಿ ಹತ್ತಿತು. ಎಲ್ಲಕ್ಕಿಂತ ದೊಡ್ಡದು, ಈಶ್ವರಮ್ಮನನ್ನು ಎತ್ತಿ ಹಿತ್ತಲಿಗೆ ನಡೆದರು. ಎತ್ತಿದಾಗಲೆಲ್ಲ ಬಾಯ್ತುಂಬ ನಗುತ್ತಿದ್ದರು. "ನೋಡಮ್ಮಿ, ಓದ್ ವಾರಕ್ಕಿಂತ ಅಗುರಾಗಿದ್ದೀಯ." ಆಂಜಿನಪ್ಪ ಬಾಯಿ ಮುಚ್ಚಿಕೊಂಡ.

ಮಳೆಗಾಲದಲ್ಲಿ ಕೊಟ್ರೇಶ್ ಚೀಲವನ್ನು ನಲವತ್ತೈದಕ್ಕೆ ಏರಿಸಿದ. ಚಿಕ್ಕಬೈರಪ್ಪ ಅಪ್ಪಿದರು, ಮುಕ್ಕರಿದರು. ಅದು ನೆಲ ಬಿಡಲಿಲ್ಲ.

"ಮಿಲ್ಲಿನೋನು ತೂಕದಲ್ಲಿ ಮೋಸ ಮಾಡವ್ನೆ. ನಮ್ಮವಳು ಐವತ್ತೆರಡು ಕಿಲೋ. ದಿನಾ ಊವಿನಂಗೆ ಎತ್ತುತೀನಿ, ಇದೇನು ನಲವತ್ತೈದು?"

ಕೊಟ್ರೇಶ್ ನಗಲಿಲ್ಲ. "ಅಮ್ಮಾರನ್ನ ತೂಗಿದ್ದು ಯಾವಾಗ್ರಿ?"

ಆಸ್ಪತ್ರೆಯಲ್ಲಿ, ಲಕ್ವ ಹೊಡೆದ ದಿನ. ಕಾಯಿಲೆಯವರನ್ನು ಸುಮ್ಮಸುಮ್ಮನೆ ತೂಗಬಾರದು, ಆಯಸ್ಸು ಇಳಿಯುತ್ತದೆ ಎಂದು ಆ ಮನೆಯ ನಂಬಿಕೆ. ಕೊಟ್ರೇಶ್ ಮಹಡಿಯಿಂದ ತನ್ನ ತೂಕದ ಯಂತ್ರ ತಂದ. ಚಿಕ್ಕಬೈರಪ್ಪ ಮೊದಲು ಒಬ್ಬರೇ ನಿಂತರು, ಆಮೇಲೆ ಸೀರೆ ಶಾಲು ಸಮೇತ ಹೆಂಡತಿಯನ್ನು ಎತ್ತಿಕೊಂಡು ನಿಂತರು. ಕಳೆದಾಗ ಉಳಿದ ಈಶ್ವರಮ್ಮ ಮೂವತ್ತೊಂದು ಕಿಲೋ.

ನಲವತ್ತು ವರ್ಷದಲ್ಲಿ ಈಶ್ವರಮ್ಮ ಗಂಡನ ಎದುರು ಒಮ್ಮೆಯೂ ಉಂಡವರಲ್ಲ. ಹಾಗಾಗಿ ಚಿಕ್ಕಬೈರಪ್ಪ ತಟ್ಟೆಯನ್ನು ಅವರ ಎಡಗೈ ಪಕ್ಕ ಇಟ್ಟು, ಮರ್ಯಾದೆಯಿಂದ ಹೊರಗೆ ಹೋಗಿ ಜಗಲಿಯಲ್ಲಿ ಕೂರುತ್ತಿದ್ದರು. ಹಿಂದಿರುಗಿದಾಗ ತಟ್ಟೆ ಖಾಲಿ. ಕಿಟಕಿಯ ಆಚೆ ಕೋಳಿಗಳು ದಪ್ಪಗಾಗಿದ್ದವು. ಅವನ್ನು ಯಾರೂ ತೂಗಿರಲಿಲ್ಲ.

ಕೊಟ್ರೇಶ್ ಹೋದ ಮೇಲೆ ಮಂಚದ ಪಕ್ಕ ನೆಲದ ಮೇಲೆ ಕೂತು ಕೇಳಿದರು: "ಯಾಕಮ್ಮಿ ಇಂಗ್ ಮಾಡ್ದೆ?"

"ಅವತ್ತು ಬಿದ್ರಲ್ಲ. ನಿಮ್ ಸೊಂಟ ಓದ್ರೆ ನನ್ನ ಕಳುಸ್ಬುಡ್ತಾರೆ. ನಾ ಅಗುರಾದ್ರೆ ಒಳ್ಳೇದು ಅಂತ..."

"ನಾ ಗಟ್ಟಿ ಆಗಿದ್ನಲ್ಲೇ."

"ಎತ್ತುದಾಗೆಲ್ಲ ನಗ್ತಿದ್ರಿ. ಅದ ಕೆಡ್ಸಕ್ಕೆ ಮನಸ್ ಬರ್ನಿಲ್ಲ."

ಅಂದಿನಿಂದ ಎದುರೇ ಕೂತು ಉಣ್ಣಿಸಿದರು. ಅಷ್ಟು ಹೊತ್ತಿಗೆ ಗಂಟಲು ಗಂಜಿಯನ್ನೂ ವಾಪಸ್ಸು ಕಳಿಸುತ್ತಿತ್ತು. ಮನೆಗೆ ಬಂದ ಡಾಕ್ಟರು ಆಕೆಯ ತೋಳು ಹಿಡಿದು ನೋಡಿ, "ಮಾಂಸ ಪೂರ್ತಿ ಹೋಗಿದೆ, ಈಗ ಕಟ್ಟೋದು ಕಷ್ಟ" ಅಂದರು. ಪಕ್ಕದಲ್ಲೇ ನಿಂತಿದ್ದ ಚಿಕ್ಕಬೈರಪ್ಪನವರ ರಕ್ತದೊತ್ತಡ ನೋಡಿ ಮೆಚ್ಚಿಕೊಂಡರು. ದಸರಾ ಕಳೆದು ಈಶ್ವರಮ್ಮ ಹೋದರು. ಚಟ್ಟದ ಮೇಲೆ ಮಲಗಿಸಲು ನಾಲ್ಕು ಜನ ಬಂದರು. ಚಿಕ್ಕಬೈರಪ್ಪ ಯಾರಿಗೂ ಮುಟ್ಟಲು ಬಿಡಲಿಲ್ಲ.

ತಿಥಿಯ ಊಟದಲ್ಲಿ ಸಾಲಾಗಿ ಚಾಪೆ ಹಾಸಿದ್ದರು. ಎಲೆ ಎತ್ತುವ ಹೊತ್ತಿಗೆ ಅವರ ವಯಸ್ಸಿನವರೆಲ್ಲ ಕಂಬ ಹುಡುಕುತ್ತ, ಮಂಡಿ ಹಿಡಿದು ನರಳುತ್ತಿದ್ದರು. ಚಿಕ್ಕಬೈರಪ್ಪ ಕೈಯೂರದೆ ಎದ್ದು ಒಬ್ಬೊಬ್ಬರನ್ನೇ ಹಿಡಿದು ಎಬ್ಬಿಸಿದರು. ಕೊನೆಯವನು ಆಂಜಿನಪ್ಪ.

"ಏನ್ ರಟ್ಟೆ ಬಾವ ನಿಂದು, ಕಬ್ಣ. ಇನ್ನ ಇಪ್ಪತ್ತು ವರ್ಸ ಏನೂ ಆಗಕಿಲ್ಲ ನಿಂಗೆ."

ಚಿಕ್ಕಬೈರಪ್ಪ ಅವನ ಕೈ ಬಿಟ್ಟರು.

"ಡಾಕ್ಟ್ರೂ ಅಂಗೇ ಅಂದವ್ರೆ ಕಣೋ. ಅದ್ಕೇ ಎದ್ರಿಕೆ ಆಗ್ತದೆ."