ಸೌಂಡ್ ಆಫ್ ಮಾಡಿ ಮುಗಿಸಿದ ತರಬೇತಿ

ಕೊರೊನಾ ಮುಗಿದು ಶಾಲೆಗಳು ಪೂರ್ತಿ ತೆರೆದ ವರ್ಷದ ಮಾತಿದು. ಆಂಧ್ರಕ್ಕೆ ಸೇರಿದ ರಾಯದುರ್ಗದ ಒಂದು ಕನ್ನಡ ಮಾಧ್ಯಮದ ಪ್ರಾಥಮಿಕ ಶಾಲೆಯಲ್ಲಿ ನಾನು ನಾಲ್ಕು ಮತ್ತು ಐದನೇ ತರಗತಿಗೆ ಪಾಠ ಮಾಡುತ್ತಿದ್ದೆ. ಈಗಲೂ ಅಲ್ಲೇ ಇದ್ದೇನೆ. ಹುಟ್ಟಿದ್ದು ಮಡಕಶಿರದ ಕಡೆ, ಅನ್ನ ಹುಟ್ಟಿದ್ದು ಈ ಕಡೆ. ನಮ್ಮ ಶಾಲೆ ಇರುವುದು ಜೀನ್ಸ್ ಪ್ಯಾಂಟ್ ಹೊಲಿಯುವವರ ಓಣಿಯಲ್ಲಿ. ಬೆಳಗ್ಗೆ ಪ್ರಾರ್ಥನೆಗೆ ಮೊದಲೇ ಹೊಲಿಗೆ ಮಿಷನ್‌ಗಳ ಸದ್ದು ಶುರುವಾಗುತ್ತದೆ, ಅದರ ಮೇಲೆ ದನಿ ಎತ್ತಿ ಪಾಠ ಮಾಡಬೇಕು. ವರ್ಷಗಟ್ಟಲೆ ಹಾಗೆ ಕೂಗಿ ಕೂಗಿ ನನ್ನ ಗಂಟಲು ಮನೆಯಲ್ಲೂ ತಗ್ಗುವುದಿಲ್ಲ ಎಂದು ಹೆಂಡತಿ ಆಡಿಕೊಳ್ಳುತ್ತಾಳೆ.

ಆ ವರ್ಷ ಶಿಕ್ಷಕರಿಗೆಲ್ಲ ಮೊಬೈಲಿನಲ್ಲೇ ತರಬೇತಿ ಬಂತು. ವಿಡಿಯೋ ನೋಡಬೇಕು, ಕೊನೆಯಲ್ಲಿ ನಾಲ್ಕೈದು ಪ್ರಶ್ನೆಗೆ ಉತ್ತರ ಒತ್ತಬೇಕು, ಆಮೇಲೆ ಸರ್ಟಿಫಿಕೇಟ್. ಯಾರು ಮುಗಿಸಿದರು, ಯಾರು ಮುಗಿಸಿಲ್ಲ ಎಂಬ ಪಟ್ಟಿ ವಾರ ವಾರ ವಾಟ್ಸಾಪ್ ಗ್ರೂಪಿಗೆ ಬೀಳುತ್ತಿತ್ತು. ಮುಗಿಸದವರ ಹೆಸರು ಕೆಂಪು ಬಣ್ಣದಲ್ಲಿ ಇರುತ್ತಿತ್ತು. ವಿಡಿಯೋದಲ್ಲಿ ಏನಿದೆ ಎಂದು ಮಾತ್ರ ಯಾರೂ ಯಾರನ್ನೂ ಕೇಳುತ್ತಿರಲಿಲ್ಲ.

ಕನ್ನಡ ಮಾಧ್ಯಮದ ನಮಗೆ ತೆಲುಗಿನಲ್ಲಿ ತರಬೇತಿ ಕೊಟ್ಟರೆ ಹೇಗೆ ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರಿಗಿಂತ ಜೋರಾಗಿ ಗೊಣಗಿದವನು ನಾನು. ಆ ಗೊಣಗಾಟದಲ್ಲಿ ನ್ಯಾಯ ಇರಲಿಲ್ಲ ಎಂದಲ್ಲ. ಆದರೆ ಇದೇ ನಾನು ಭಾನುವಾರ ತೆಲುಗು ಸಿನಿಮಾ ಹಾಕಿಕೊಂಡು ಒಂದು ಮಾತೂ ಬಿಡದೆ ನಗುವವನು, ಸಂತೆಯಲ್ಲಿ ತೆಲುಗಿನಲ್ಲೇ ಚೌಕಾಸಿಗೆ ನಿಲ್ಲುವವನು. ಭಾಷೆ ನನಗೆ ಅಡ್ಡಿಯಾಗಿರಲಿಲ್ಲ, ನೆಪವಾಗಿತ್ತು.

ತರಬೇತಿ ಮುಗಿಸಲು ನಾನು ಒಂದು ಉಪಾಯ ಮಾಡಿದ್ದೆ. ಸಂಜೆ ಮನೆಗೆ ಬಂದ ಕೂಡಲೇ ಫೋನನ್ನು ಫ್ರಿಜ್ ಮೇಲೆ ಚಾರ್ಜಿಗಿಟ್ಟು, ವಿಡಿಯೋ ಹಾಕಿ, ಸೌಂಡ್ ಆಫ್ ಮಾಡಿಬಿಡುತ್ತಿದ್ದೆ. ಅದರ ಪಾಡಿಗೆ ಅದು ಓಡುತ್ತಿತ್ತು. ಒಂದು ಮುಗಿದ ಮೇಲೆ ಮುಂದಿನದನ್ನು ಒತ್ತುವ ಕೆಲಸ ಹೆಂಡತಿಯದು, ಅವಳು ಸಾರಿಗೆ ಒಗ್ಗರಣೆ ಹಾಕುತ್ತ ಮಧ್ಯೆ ಬಂದು ಒತ್ತಿ ಹೋಗುತ್ತಿದ್ದಳು. ಪ್ರಶ್ನೆಗಳ ಉತ್ತರವನ್ನು ಪಕ್ಕದ ಮಂಡಲದ, ಅಂದರೆ ತಾಲ್ಲೂಕಿನ, ಒಬ್ಬ ಪುಣ್ಯಾತ್ಮ ನಂಬರ್ ಸಮೇತ ಗ್ರೂಪಿಗೆ ಹಾಕುತ್ತಿದ್ದ. ಹೀಗೆ ನಮ್ಮ ಮಂಡಲದಲ್ಲಿ ಎಲ್ಲ ಕೋರ್ಸ್‌ಗಳನ್ನು ಮೊದಲು ಮುಗಿಸಿದವನು ನಾನೇ ಆದೆ. ಸರ್ಟಿಫಿಕೇಟಿಗೆ ಲ್ಯಾಮಿನೇಷನ್ ಮಾಡಿಸಿ ಹೆಡ್‌ಮಾಸ್ಟರ್ ರೂಮಿನಲ್ಲಿ ತೂಗುಹಾಕಿಸಿದೆ.

ಅದೇ ವರ್ಷ ನನ್ನ ನಾಲ್ಕನೇ ತರಗತಿಯಲ್ಲಿ ಸುಂಕಮ್ಮ ಎಂಬ ಹುಡುಗಿ ಇದ್ದಳು. ತಾಯಿ ಹನುಮಕ್ಕ ಅದೇ ಓಣಿಯಲ್ಲಿ, ಹೊಲಿದು ಬಂದ ಪ್ಯಾಂಟುಗಳ ದಾರ ಕತ್ತರಿಸಿ ಗುಂಡಿ ಹಾಕುವ ಕೆಲಸ ಮಾಡುತ್ತಿದ್ದಳು. ಸುಂಕಮ್ಮನ ಎಡಗಿವಿ ಆಗಾಗ ಸೋರುತ್ತಿತ್ತು. ಮನೆಯಲ್ಲಿ ಎಣ್ಣೆ ಬಿಟ್ಟು ಹತ್ತಿ ತುರುಕಿ ಕಳಿಸುತ್ತಿದ್ದರು. ಹಿಂದಿನಿಂದ ಹೆಸರು ಹಿಡಿದು ಕರೆದರೆ ಅವಳು ತಿರುಗುತ್ತಿರಲಿಲ್ಲ. ಲೆಕ್ಕ ಹೇಳಿದರೆ ಮೊದಲು ಪಕ್ಕದವಳ ನೋಟ್‌ಬುಕ್ ಕಡೆ ನೋಡಿ, ಆಮೇಲೆ ತಾನು ಬರೆಯಲು ಶುರು ಮಾಡುತ್ತಿದ್ದಳು. ಪಾಠ ಮಾಡುವಾಗ ತಲೆಯನ್ನು ಒಂದು ಕಡೆ ವಾಲಿಸಿ ನನ್ನ ಬಾಯನ್ನೇ ದಿಟ್ಟಿಸುತ್ತಿದ್ದಳು.

ಇವೆಲ್ಲ ನನಗೆ ಕಾಣಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಎಲ್ಲವೂ ಕಂಡಿತ್ತು. ಕಂಡದ್ದಕ್ಕೆಲ್ಲ ನನ್ನ ಹತ್ತಿರ ಹೆಸರು ಸಿದ್ಧವಾಗಿತ್ತು. ತಿರುಗದಿದ್ದರೆ ಮೊಂಡುತನ, ಪಕ್ಕಕ್ಕೆ ನೋಡಿದರೆ ಕಾಪಿ, ಬಾಯಿ ದಿಟ್ಟಿಸಿದರೆ ದಡ್ಡತನ. ಕಾಪಿ ಬಿಡಿಸಬೇಕು ಎಂದು ಅವಳನ್ನು ಗೆಳತಿಯ ಪಕ್ಕದಿಂದ ಎಬ್ಬಿಸಿ ಹಿಂದಿನ ಬೀರುವಿನ ಹತ್ತಿರ ಒಬ್ಬಳನ್ನೇ ಕೂರಿಸಿದೆ. ಅಲ್ಲಿ ಪಕ್ಕದಲ್ಲೇ ಕಿಟಕಿ, ಕಿಟಕಿಯ ಆಚೆ ಹೊಲಿಗೆ ಮಿಷನ್‌ಗಳು. ಒಂದು ದಿನ ಕಿವಿಯ ಹತ್ತಿ ನೋಡಿ, ಹೀಗೆ ಬಾಗಿಲು ಹಾಕಿಕೊಂಡು ಕೂತರೆ ಪಾಠ ಎಲ್ಲಿಂದ ಒಳಗೆ ಹೋಗಬೇಕು ಎಂದು ತಮಾಷೆ ಮಾಡಿದೆ. ಕ್ಲಾಸೆಲ್ಲ ನಕ್ಕಿತು. ಮಕ್ಕಳು ನಗುವುದನ್ನು ನೋಡಿ ಅವಳೂ ನಕ್ಕಳು. ಮಾರನೆಯ ದಿನದಿಂದ ನಾನು ಕ್ಲಾಸಿಗೆ ಕಾಲಿಟ್ಟ ಕೂಡಲೇ ಅವಳು ಹತ್ತಿಯನ್ನು ಕಿತ್ತು ಮುಷ್ಟಿಯಲ್ಲಿ ಬಚ್ಚಿಟ್ಟುಕೊಳ್ಳುತ್ತಿದ್ದಳು. ಇದನ್ನೂ ನೋಡಿದ್ದೆ, ಶಿಸ್ತು ಕಲಿತಳು ಎಂದುಕೊಂಡಿದ್ದೆ.

ಐದನೇ ತರಗತಿ ಮುಗಿಯುವ ಹೊತ್ತಿಗೆ ಹನುಮಕ್ಕ ಶಾಲೆಗೆ ಬಂದು, ಮಗಳನ್ನು ಹೈಸ್ಕೂಲಿಗೆ ಹಾಕಬಹುದಾ ಎಂದು ಕೇಳಿದಳು. ಬಾಗಿಲ ಹೊರಗೆ ನಿಂತೇ ಕೇಳಿದಳು. ನಾನು ಹಾಜರಿ ಪುಸ್ತಕದಿಂದ ತಲೆ ಎತ್ತದೆ ಹೇಳಿದ ಮಾತು ನನಗೆ ಈಗಲೂ ಅಕ್ಷರ ಅಕ್ಷರ ನೆನಪಿದೆ.

"ಇವಳ ತಲೇಗೆ ಓದು ಹತ್ತಲ್ಲ ಕಣಮ್ಮ. ಸುಮ್ನೆ ಯಾಕೆ ಒದ್ದಾಡ್ತೀಯ? ಯಾವ್ದಾದ್ರೂ ಕೈಕೆಲ್ಸ ಕಲ್ಸು."

ಅವಳು ಆತ್ರಿ ಸಾರ್ ಎಂದು ತಲೆ ಆಡಿಸಿ ಹೋದಳು. ಸುಂಕಮ್ಮ ಆರನೇ ತರಗತಿಗೆ ಹೆಸರಿಗೆ ಮಾತ್ರ ಸೇರಿ, ದಸರಾ ರಜೆಗೆ ಮೊದಲೇ ಬಿಟ್ಟಳು ಎಂದು ಯಾರೋ ಹೇಳಿದರು. ನಾನು ಮರೆತೆ.

ಅದಾದ ಮಾರನೆಯ ವರ್ಷ ಹೊಸ ಕೋರ್ಸ್‌ಗಳು ಬರಲಿದ್ದವು. ಸುತ್ತಲಿನ ಶಾಲೆಗಳ ಶಿಕ್ಷಕರೆಲ್ಲ ಸೇರುವ ಕಾಂಪ್ಲೆಕ್ಸ್ ಮೀಟಿಂಗಿನಲ್ಲಿ, ಹಿಂದಿನ ಸಲ ಮೊದಲು ಮುಗಿಸಿದವನೆಂದು ನನಗೆ ಶಾಲು ಹೊದಿಸಿದರು. ತರಬೇತಿಯನ್ನು ಚೆನ್ನಾಗಿ ಬಳಸಿಕೊಳ್ಳುವುದು ಹೇಗೆ ಎಂದು ಎಲ್ಲರಿಗೂ ತಿಳಿಸಿ ಎಂದು ಮೈಕ್ ಕೈಗಿಟ್ಟರು. ನನಗೆ ಗೊತ್ತಿದ್ದದ್ದು ಫ್ರಿಜ್ ಮತ್ತು ಒಗ್ಗರಣೆ. ಅದನ್ನು ಹೇಳುವ ಹಾಗಿಲ್ಲ. ಬೆಳೆಯುವ ಮಕ್ಕಳು, ನಮ್ಮ ಹೊಣೆ ಎಂದು ಐದು ನಿಮಿಷ ಏನೇನೋ ಮಾತಾಡಿ, ಉಳಿದ ಹೊತ್ತು ತುಂಬಿಸಲು ಹಳೆಯ ಕೋರ್ಸಿನ ಯಾವುದೋ ಒಂದು ವಿಡಿಯೋ ಒತ್ತಿ, ಇದನ್ನೊಂದು ಸಲ ನೋಡೋಣ ಎಂದು ಪಕ್ಕದ ಕುರ್ಚಿಯಲ್ಲಿ ಕೂತೆ. ಅಂದು ಗೋಡೆಗೆ ತೆರೆ ಕಟ್ಟಿ ಸ್ಪೀಕರ್ ಹಾಕಿದ್ದರು. ಆ ವಿಡಿಯೋವನ್ನು ನಾನು ಮೊದಲ ಸಲ ಕೇಳಿದ್ದು ಆಗ.

ತೆರೆಯ ಮೇಲೆ ಒಂದು ಹುಡುಗಿ ಬಂದಳು. ಶಿಕ್ಷಕಿ ಹಿಂದಿನಿಂದ ಕರೆಯುತ್ತಾಳೆ, ಹುಡುಗಿ ತಿರುಗುವುದಿಲ್ಲ. ಲೆಕ್ಕ ಹೇಳಿದಾಗ ಪಕ್ಕದವಳ ಪುಸ್ತಕ ನೋಡುತ್ತಾಳೆ. ತಲೆ ವಾಲಿಸಿ ಶಿಕ್ಷಕಿಯ ಬಾಯಿ ದಿಟ್ಟಿಸುತ್ತಾಳೆ. ಕಿವಿಯಲ್ಲಿ ಹತ್ತಿ. ಈ ಮಗು ದಡ್ಡಿಯಲ್ಲ, ಮೊಂಡಿಯಲ್ಲ, ಇವಳಿಗೆ ಸರಿಯಾಗಿ ಕೇಳಿಸುತ್ತಿಲ್ಲ ಎಂದು ತೆಲುಗಿನಲ್ಲಿ ಒಂದು ಹೆಣ್ಣುದನಿ ನಿಧಾನವಾಗಿ ಹೇಳುತ್ತಿತ್ತು. ಮುಂದಿನ ಸಾಲಿನಲ್ಲಿ ಕೂರಿಸಿ, ಎದುರು ನಿಂತು ಮಾತಾಡಿ, ಸದ್ದು ಬರುವ ಕಿಟಕಿಯಿಂದ ದೂರ ಇಡಿ, ಕಿವಿ ಸೋರುತ್ತಿದ್ದರೆ ತಡಮಾಡದೆ ಡಾಕ್ಟರಿಗೆ ತೋರಿಸಲು ಹೇಳಿ, ಬೇಗ ಕರೆದೊಯ್ದರೆ ಬಹುಪಾಲು ವಾಸಿಯಾಗುತ್ತದೆ ಎಂದು ಒಂದೊಂದನ್ನೇ ಹೇಳಿತು. ಅದು ಹೇಳಿದ ಪ್ರತಿಯೊಂದಕ್ಕೂ ನಾನು ತಿರುಗುಮುರುಗಾಗಿ ಮಾಡಿದ್ದೆ. ಮೈಮೇಲೆ ಶಾಲು ಇತ್ತು.

ವಿಡಿಯೋ ಮುಗಿದಾಗ ಹೊಸದಾಗಿ ಕೆಲಸಕ್ಕೆ ಸೇರಿದ್ದ ಒಬ್ಬ ಹುಡುಗಿ ಎದ್ದು ನಿಂತಳು. ಬೊಮ್ಮನಹಾಳ್ ಕಡೆಯ ಟೀಚರ್. ಕೈಯಲ್ಲಿ ನೋಟ್‌ಬುಕ್ ಇತ್ತು, ಪಾಪ, ನಿಜವಾಗಿ ಬರೆದುಕೊಳ್ಳುತ್ತಿದ್ದಳು.

"ಸಾರ್, ನಿಮ್ಮ ಕ್ಲಾಸಿನಾಗ ಇಂಥ ಮಕ್ಕಳು ಯಾರರ ಇದ್ರೇನ್ರಿ? ನೀವೇನು ಮಾಡಿದ್ರಿ?"

ಸತ್ಯ ಹೇಳಲು ನನಗೆ ಒಂದು ಕ್ಷಣ ಸಿಕ್ಕಿತ್ತು. ನಾನು ಇಲ್ಲಮ್ಮ ಎಂದೆ. ನನ್ನ ಕ್ಲಾಸಿನಲ್ಲಿ ಅಂಥ ಮಕ್ಕಳು ಯಾರೂ ಇರಲಿಲ್ಲ ಎಂದೆ. ಅವಳು ತಲೆಯಾಡಿಸಿ ಕೂತಳು. ಚಪ್ಪಾಳೆ ತಟ್ಟಿದರು.

ಮನೆಗೆ ಹೋಗಿ ಫೋನ್ ತೆಗೆದು ಅದನ್ನೇ ಮತ್ತೆ ಹಾಕಿ ನೋಡಿದೆ. ಹನ್ನೆರಡು ನಿಮಿಷದ್ದು. ನಾನು ಮುಗಿಸಿದ್ದೇನೆ ಎಂದು ಪಕ್ಕದಲ್ಲಿ ಹಸಿರು ಗುರುತು ಇತ್ತು. ಕೇಳದ ಮಗುವಿನ ಪಾಠವನ್ನು ಸೌಂಡ್ ಆಫ್ ಮಾಡಿ ಓಡಿಸಿದ್ದೆ. ಆ ಸಂಜೆ ಫ್ರಿಜ್ ಮೇಲೆ ಅದು ಓಡುತ್ತಿದ್ದಾಗ ನಾನು ಏನು ಮಾಡುತ್ತಿದ್ದೆ ಎಂದು ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಪೇಪರ್ ಓದುತ್ತಿದ್ದೆನೋ ಏನೋ.

ಭಾನುವಾರ ಹನುಮಕ್ಕನ ಮನೆ ಹುಡುಕಿಕೊಂಡು ಹೋದೆ. ಹೊಸ್ತಿಲ ಹತ್ತಿರ ಪ್ಯಾಂಟುಗಳ ರಾಶಿ, ರಾಶಿಯ ಪಕ್ಕದಲ್ಲಿ ನನಗೆ ಬೆನ್ನು ಮಾಡಿ ಸುಂಕಮ್ಮ ಕೂತಿದ್ದಳು, ಕೈಯಲ್ಲಿ ಸಣ್ಣ ಕತ್ತರಿ. ಸುಂಕಮ್ಮ ಎಂದು ಕರೆದೆ. ನನ್ನ ಗಂಟಲು ಎಂಥದ್ದು ಎಂದು ಮೊದಲೇ ಹೇಳಿದ್ದೇನೆ. ಅವಳು ತಿರುಗಲಿಲ್ಲ. ಸುತ್ತಿ ಹೋಗಿ ಎದುರು ನಿಂತೆ. ನನ್ನನ್ನು ನೋಡಿದ ಕೂಡಲೇ ಗಡಬಡಿಸಿ ಎದ್ದಳು, ಕಿವಿಯಲ್ಲಿದ್ದ ಹತ್ತಿಯನ್ನು ಕಿತ್ತು ಮುಷ್ಟಿಯಲ್ಲಿ ಬಚ್ಚಿಟ್ಟುಕೊಂಡಳು. ಶಾಲೆ ಬಿಟ್ಟರೂ ನಾನು ಕಲಿಸಿದ್ದನ್ನು ಅವಳು ಮರೆತಿರಲಿಲ್ಲ. ಎರಡು ವರ್ಷದಲ್ಲಿ ನಾನು ಅವಳಿಗೆ ಗಟ್ಟಿಯಾಗಿ ಕಲಿಸಿದ ಪಾಠ ಅದೊಂದೇ.

ಒಳಗಿಂದ ಹನುಮಕ್ಕ ಬಂದು ಚಾಪೆ ಹಾಸಿದಳು. ಸಾರ್ ಮನೆಗೆ ಬಂದಿದ್ದಾರೆ ಎಂಬ ಸಂಭ್ರಮ ಅವಳಿಗೆ. ಚಹಾಕ್ಕೆ ಇಡಲು ಹೋದವಳನ್ನು ತಡೆದು, ಮಗಳನ್ನು ಯಾಕೆ ಶಾಲೆ ಬಿಡಿಸಿದೆ ಎಂದು ಕೇಳಿದೆ. ಆ ಪ್ರಶ್ನೆ ಕೇಳಲು ನನಗೆ ಬಾಯಿ ಹೇಗೆ ಬಂತೋ.

"ನೀವ ಹೇಳಿದ್ರೆಲ್ರಿ ಸಾರ್, ಕೈಕೆಲಸ ಕಲಸು ಅಂತ. ನೀವು ಹೇಳಿದಂಗ ಮಾಡೀವ್ರಿ. ಈಗ ಚೆಂದ ಕಲ್ತಾಳ. ನಿಮ್ಮ ಪುಣ್ಯೇರಿ."

ಅವಳ ಮಾತಿನಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ತಪ್ಪು ನನ್ನದು, ನಿನ್ನ ಮಗಳಿಗೆ ಓದು ಹತ್ತದೆ ಇರಲಿಲ್ಲ, ಕಿವಿ ಕೇಳುತ್ತಿರಲಿಲ್ಲ, ನಾನು ನೋಡಲಿಲ್ಲ ಎಂದು ಹೇಳಿದೆ. ಅಯ್ಯೋ ನಿಮ್ಮದೇನು ತಪ್ಪು ಸಾರ್, ದೇವರು ಕೊಟ್ಟ ಕಿವಿ ಎಂದಳು. ನಾನು ಸಂಕೋಚಕ್ಕೆ ಹಾಗೆ ಹೇಳುತ್ತಿದ್ದೇನೆ ಎಂದೇ ಅವಳು ತಿಳಿದಳು.

ಮುಂದಿನ ವಾರ ರಜೆ ಹಾಕಿ ತಾಯಿ ಮಗಳನ್ನು ಬಳ್ಳಾರಿಯ ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ದೀಪ ಬಿಟ್ಟು ನೋಡಿ, ಎಡಗಿವಿಯದು ಹೋದ ಹಾಗೇ ಲೆಕ್ಕ, ಬಲಗಿವಿಗೂ ಶುರುವಾಗಿದೆ, ಅದನ್ನು ಉಳಿಸಿಕೊಳ್ಳಬಹುದು ಎಂದರು. ಎರಡು ಮೂರು ವರ್ಷ ಮೊದಲೇ ಬಂದಿದ್ದರೆ ಎರಡೂ ಉಳಿಯುತ್ತಿದ್ದವು ಎಂದೂ ಹೇಳಿದರು. ಇಷ್ಟು ದಿನ ಯಾರೂ ಗಮನಿಸಲಿಲ್ಲವಾ, ಶಾಲೆಗೆ ಹೋಗುತ್ತಿರಲಿಲ್ಲವಾ ಎಂದು ಕೇಳಿದರು. ಹನುಮಕ್ಕ ಹೆಮ್ಮೆಯಿಂದ ನನ್ನ ಕಡೆ ಕೈ ತೋರಿಸಿ, ಇವರೇ ಆಕೆಯ ಸಾರ್ ಎಂದಳು. ಡಾಕ್ಟರು ನನ್ನನ್ನು ಒಂದು ಸಲ ನೋಡಿ ಚೀಟಿ ಬರೆಯತೊಡಗಿದರು.

ಬಲಗಿವಿಗೆ ಔಷಧ ನಡೆದಿದೆ. ಮತ್ತೆ ಶಾಲೆಗೆ ಬಾ ಎಂದು ನಾನು ಎಷ್ಟು ಕರೆದರೂ ಸುಂಕಮ್ಮ ಬರಲಿಲ್ಲ. ಚಿಕ್ಕವರ ಜೊತೆ ಕೂರಲು ನಾಚಿಕೆ ಎಂದಳಂತೆ. ಅದು ನಾಚಿಕೆಯೋ ಬೀರುವಿನ ಪಕ್ಕದ ಆ ಜಾಗವೋ, ನಾನು ಕೇಳಲಿಲ್ಲ. ಕೇಳುವ ಧೈರ್ಯ ಇಲ್ಲ.

ಆಮೇಲಿನ ಕಾಂಪ್ಲೆಕ್ಸ್ ಮೀಟಿಂಗಿನಲ್ಲಿ ನಾನೇ ಕೇಳಿ ಮೈಕ್ ಇಸಿದುಕೊಂಡು, ಹಿಂದಿನ ಸಲ ಸುಳ್ಳು ಹೇಳಿದೆ ಎಂದು ಎಲ್ಲವನ್ನೂ ಹೇಳಿದೆ, ಫ್ರಿಜ್ ಸಮೇತ. ಬೊಮ್ಮನಹಾಳ್ ಕಡೆಯ ಆ ಹುಡುಗಿ ಬರೆಯುವುದನ್ನು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು. ಕೆಲವರು ತಲೆ ತಗ್ಗಿಸಿದರು, ಕೆಲವರು ಗಡಿಯಾರ ನೋಡಿದರು. ಚಹಾ ಕುಡಿಯುವಾಗ ನನಗಿಂತ ಹಿರಿಯರೊಬ್ಬರು ಹೆಗಲ ಮೇಲೆ ಕೈಯಿಟ್ಟು, ಆದದ್ದಾಯಿತು ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ಸಮಾಧಾನ ಮಾಡಿದರು. ಆಮೇಲೆ ದನಿ ತಗ್ಗಿಸಿ, ಹೊಸ ಕೋರ್ಸಿನ ಉತ್ತರ ಬಂದಿದ್ದರೆ ಸ್ವಲ್ಪ ಕಳಿಸಿ ಎಂದರು. ನನಗೆ ಉರಿದುಹೋಯಿತು. ಆದರೆ ಯಾವ ಮುಖ ಇಟ್ಟುಕೊಂಡು ಬೈಯಲಿ?

ಈಗ ವಿಡಿಯೋಗಳನ್ನು ಸೌಂಡ್ ಇಟ್ಟು ನೋಡುತ್ತೇನೆ, ತೆಲುಗಿನದನ್ನು ಕನ್ನಡದಲ್ಲಿ ಬರೆದುಕೊಳ್ಳುತ್ತೇನೆ. ಪಟ್ಟಿಯಲ್ಲಿ ನನ್ನ ಹೆಸರು ಎಷ್ಟೋ ವಾರ ಕೆಂಪಗೇ ಇರುತ್ತದೆ. ಹೆಡ್‌ಮಾಸ್ಟರ್ ರೂಮಿನ ಆ ಸರ್ಟಿಫಿಕೇಟನ್ನು ಕೆಳಗಿಳಿಸಿ ಎಂದರೆ, ಇನ್‌ಸ್ಪೆಕ್ಷನ್‌ಗೆ ಬಂದವರು ನೋಡುತ್ತಾರೆ, ಇರಲಿ ಬಿಡಿ ಎನ್ನುತ್ತಾರೆ.

ಈ ವರ್ಷ ಶಾಲೆ ತೆರೆದ ವಾರ ಹನುಮಕ್ಕ ಚಿಕ್ಕ ಮಗಳ ಕೈ ಹಿಡಿದುಕೊಂಡು ಬಂದಳು. ನಾಲ್ಕನೇ ತರಗತಿ, ನನ್ನ ಕ್ಲಾಸಿಗೇ. ಅಂದಿನಂತೆಯೇ ಬಾಗಿಲ ಹೊರಗೆ ನಿಂತಳು.

"ಈಕೀನೂ ನಿಮ್ಮ ಕೈಯಾಗ ಹಾಕ್ತೀನ್ರಿ ಸಾರ್. ಓದು ಹತ್ತತೈತೋ ಇಲ್ಲೋ ನೀವ ನೋಡಿ ಹೇಳ್ರಿ. ನೀವು ಹೇಳಿದಂಗ ಮಾಡ್ತೀವಿ."

ನಾನು ಹುಡುಗಿಯನ್ನು ಮುಂದಿನ ಸಾಲಿನಲ್ಲಿ ಕೂರಿಸಿದೆ. ಆಮೇಲೆ ಅವಳ ಎದುರು ನಿಂತು ಹೆಸರು ಕೇಳಿದೆ.