ಹೆಗ್ಗನಹಳ್ಳಿಯ ಒಂಬತ್ತು ಬ್ರೂಲಾಕರ್‌ಗಳು

ಸಾಲು ಹದಿನಾಲ್ಕರಿಂದ ಇಪ್ಪತ್ತೆರಡರವರೆಗೆ ಊರಿನ ಕಾಲಂನಲ್ಲಿ ಒಂದೇ ಹೆಸರಿತ್ತು: ಹೆಗ್ಗನಹಳ್ಳಿ. ಅದರ ಮೇಲಿನ ಹದಿಮೂರು ಸಾಲುಗಳಲ್ಲಿ ಇದ್ದದ್ದು ಜರ್ಮನಿಯ ಸಣ್ಣ ಪಟ್ಟಣಗಳು.

ಇದು 2023ರ ಜುಲೈ ತಿಂಗಳ ಮಾತು. ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ರಾಜಾಜಿನಗರದ ಒಂದು ಸಣ್ಣ ಡೇಟಾ ಕಂಪನಿಗೆ ಅನಲಿಸ್ಟ್ ಆಗಿ ಸೇರಿ ನನಗೆ ಎರಡು ವರ್ಷವಾಗಿತ್ತು. ಸೀರೆ ಅಂಗಡಿಯೊಂದರ ಮೇಲಿನ ಎರಡನೇ ಮಹಡಿಯಲ್ಲಿ ಒಟ್ಟು ಹದಿನಾರು ಜನ ಕೆಲಸ ಮಾಡುತ್ತಿದ್ದೆವು. ನನಗೆ ವಹಿಸಿದ್ದು ಜರ್ಮನಿಯ ಒಬ್ಬ ಪ್ರಕಾಶಕರ ಕೆಲಸ. ಅವರು ಅಪರೂಪದ ಜರ್ಮನ್ ಕುಲನಾಮಗಳ ಕೋಶವೊಂದನ್ನು ತಯಾರಿಸುತ್ತಿದ್ದರು. ಒಂದೊಂದು ಹೆಸರಿಗೂ ಒಂದೊಂದು ಪುಟ. ಪುಟದಲ್ಲಿ ಎರಡು ಮುಖ್ಯ ಭಾಗ: ಆ ಹೆಸರು ಎಲ್ಲಿಂದ ಬಂತು, ಇವತ್ತು ಎಷ್ಟು ಜನ ಅದನ್ನು ಇಟ್ಟುಕೊಂಡಿದ್ದಾರೆ. ಅವರು ಕಳಿಸುವ ಪಟ್ಟಿಗಳನ್ನು ಶುದ್ಧಗೊಳಿಸಿ, ಲೆಕ್ಕ ಹಾಕಿ, ಕರಡು ಬರೆದು ಕೊಡುವುದು ನನ್ನ ಹೊಣೆ.

ಆ ಇಪ್ಪತ್ತೆರಡು ಸಾಲಿನ ಪಟ್ಟಿ ಯಾವ ಕುಲನಾಮದ್ದೋ ಆ ಹೆಸರನ್ನು ಇಲ್ಲಿ ಇದ್ದಂತೆ ಬರೆಯುತ್ತಿಲ್ಲ. ಅರ್ಥ ಉಳಿಯುವ ಹಾಗೆ ಬ್ರೂಲಾಕರ್ ಎಂದು ಇಟ್ಟುಕೊಳ್ಳುತ್ತೇನೆ. ಇಲ್ಲಿ ಬರುವ ಮನುಷ್ಯರ ಹೆಸರುಗಳನ್ನೂ ಬದಲಿಸಿದ್ದೇನೆ.

ಹೆಸರಿನ ಮೂಲ ಕಷ್ಟವಾಗಲಿಲ್ಲ. ಬ್ರೂಲ್ ಎಂದರೆ ನೀರು ನಿಲ್ಲುವ ಹುಲ್ಲುಗಾವಲು, ಆಕರ್ ಎಂದರೆ ಉಳುವ ಹೊಲ. ಜೌಗಿನ ಪಕ್ಕದ ಹೊಲ ಯಾರದೋ ಅವರ ಮನೆತನಕ್ಕೆ ಆ ಹೊಲದ ಹೆಸರೇ ಅಂಟಿಕೊಂಡಿದೆ. ಉತ್ತರ ಕರ್ನಾಟಕದ ನನ್ನ ಸಹಪಾಠಿಗಳಲ್ಲಿ ಹಳ್ಳದಮನಿಯವರಿದ್ದರು, ಹೊಸಮನಿಯವರಿದ್ದರು. ಹಾಗಾಗಿ ಈ ಬಗೆ ನನಗೆ ಹೊಸದೇನಲ್ಲ.

ಲೆಕ್ಕಕ್ಕೆ ನಮ್ಮಲ್ಲಿ ಒಂದು ಸೂತ್ರವಿತ್ತು. ಪಟ್ಟಿಯ ಒಂದು ಸಾಲು ಎಂದರೆ ಒಂದು ಮನೆಯ ದೂರವಾಣಿ; ಒಂದು ಮನೆಗೆ ಮೂವರು ಎಂದು ಹಿಡಿಯಬೇಕು. ಇಪ್ಪತ್ತೆರಡು ಸಾಲಿಗೆ ಅರವತ್ತಾರು ಜನ. ಹೆಗ್ಗನಹಳ್ಳಿಯ ಪಾಲು ಇಪ್ಪತ್ತೇಳು.

ಇನ್ನು ಹೆಗ್ಗನಹಳ್ಳಿಗೆ ಈ ಹೆಸರು ಹೇಗೆ ಬಂತು ಎನ್ನುವ ಪ್ರಶ್ನೆ. ಹಿಂದೆ ಕರ್ನಾಟಕದ ಕೆಲವು ಊರುಗಳಲ್ಲಿ ಜರ್ಮನ್ ಮಾತಾಡುವ ಪಾದ್ರಿಗಳು ಶಾಲೆ, ಮುದ್ರಣಾಲಯ, ಹೆಂಚಿನ ಕಾರ್ಖಾನೆ ನಡೆಸುತ್ತಿದ್ದರೆಂದು ಓದಿದ್ದೆ. ಅವರ ಮೂಲಕವೇ ಬಂದಿರಬಹುದು ಎಂದು ಬರೆದೆ. ಪ್ರಕಾಶಕರು ಕೊಟ್ಟ ನಮೂನೆಯಲ್ಲಿ ಅನುಮಾನದ ಮಾತಿಗೆ ಜಾಗವಿರಲಿಲ್ಲ. ಪುಟ ಖಚಿತವಾಗಿರಬೇಕು ಎಂದು ಸೂಚನೆಯಿತ್ತು. ನಾನೇ ಆ ವಾಕ್ಯವನ್ನು ತಿದ್ದಿ, ಪಾದ್ರಿಗಳ ಮೂಲಕ ಬಂತು ಎಂದು ಮಾಡಿದೆ. ಯಾರೂ ಒತ್ತಾಯಿಸಿರಲಿಲ್ಲ. ನೋಡಲು ಅಚ್ಚುಕಟ್ಟಾಗಿತ್ತು, ಕಳಿಸಿದೆ.

ಎರಡು ದಿನದಲ್ಲಿ ಪ್ರಕಾಶಕರ ಕಡೆಯ ಸಂಪಾದಕಿ ಉಟೆ ಅವರಿಂದ ಉತ್ತರ ಬಂತು. ಯಾವ ಪಾದ್ರಿ, ಯಾವ ಊರು, ಯಾವ ದಾಖಲೆ ಎಂದು ಕೇಳಿದ್ದರು. ಒಂದು ವಾರದೊಳಗೆ ಆಧಾರ ಸಿಗದಿದ್ದರೆ ಆ ಒಂಬತ್ತು ಸಾಲುಗಳನ್ನು ಡೇಟಾ ದೋಷವೆಂದು ಪರಿಗಣಿಸಿ ಪಟ್ಟಿಯಿಂದ ಕೈಬಿಡಲಾಗುವುದು ಎಂದೂ ಇತ್ತು.

ನಮ್ಮ ಟೀಮ್ ಲೀಡ್ ಸತೀಶ್ ಸಾರ್ ಮೇಲ್ ಓದಿ, ನನ್ನ ಕುರ್ಚಿಯ ಪಕ್ಕ ನಿಂತು ತೀರ್ಪು ಕೊಟ್ಟರು. "ತೆಗ್ದುಬಿಡಿ ಮೇಡಂ. ಹೆಗ್ಗನಹಳ್ಳೀಲಿ ಜರ್ಮನ್‌ನವ್ರು ಯಾಕಿರ್ತಾರೆ? ಯಾರೋ ಫಾರಂ ತಪ್ಪು ತುಂಬಿದಾರೆ."

ಅವರು ಹೇಳಿದ್ದು ನಮ್ಮ ಕೆಲಸದ ರೂಢಿಯೇ. ಭೂಪಟದಲ್ಲಿ ಕೂರದ ಸಾಲನ್ನು ನಾವು ಅಳಿಸುತ್ತೇವೆ. ಈ ಒಂಬತ್ತು ಜನ ಬೇರೆ ಯಾವುದೋ ದೇಶದ ಊರಿನಲ್ಲಿದ್ದಿದ್ದರೆ ನಾನೂ ಅಳಿಸುತ್ತಿದ್ದೆ. ಆದರೆ ನಮ್ಮ ಮನೆ ಬಸವೇಶ್ವರನಗರದಲ್ಲಿ. ಅಲ್ಲಿಂದ ಆಟೋ ಹತ್ತಿದರೆ ಅರ್ಧ ಗಂಟೆಯಲ್ಲಿ ಹೆಗ್ಗನಹಳ್ಳಿ. ಹೋಗಿ ನೋಡಬಹುದಾದ ಜಾಗವನ್ನು ನೋಡದೆ ಅಳಿಸುವುದು ನನಗೆ ಸರಿಬರಲಿಲ್ಲ.

ಒಂಬತ್ತರಲ್ಲಿ ಒಂದು ಸಾಲಿಗೆ ಅಂಗಡಿಯ ವಿಳಾಸವಿತ್ತು. ಆ ಶನಿವಾರ ಬೆಳಿಗ್ಗೆ ಮಾಗಡಿ ರಸ್ತೆಯಲ್ಲಿ ಸುಂಕದಕಟ್ಟೆ ದಾಟಿ, ಬಲಕ್ಕೆ ತಿರುಗಿ, ಮೂರು ಕಡೆ ದಾರಿ ಕೇಳಿ ಆ ಬೀದಿಗೆ ಬಂದೆ. ಕೆಳಗೆ ಶೆಡ್ಡು, ಮೇಲೆ ಮನೆ. ಶೆಡ್ಡಿನ ಬಾಗಿಲ ಮೇಲೆ ನೀಲಿ ಬೋರ್ಡು: ಬ್ರೂಲಾಕರ್ ಇಂಜಿನಿಯರಿಂಗ್ ವರ್ಕ್ಸ್. ಒಳಗೆ ಲೇತ್ ಮೆಷೀನಿನ ಸದ್ದು.

ಕೈ ಒರೆಸಿಕೊಳ್ಳುತ್ತಾ ಹೊರಬಂದವರು ನಲವತ್ತೈದರ ಆಸುಪಾಸಿನ ಮೋಹನ್. ಪಟ್ಟಿಯ ಹದಿನಾಲ್ಕನೇ ಸಾಲು. ನಾನು ಪರಿಚಯ ಹೇಳಿಕೊಂಡು, ಈ ಹೆಸರು ನಿಮಗೆ ಎಲ್ಲಿಂದ ಬಂತು ಎಂದು ನೇರವಾಗಿ ಕೇಳಿಬಿಟ್ಟೆ. ಕೈಯಲ್ಲಿ ಪ್ರಿಂಟ್ ಮಾಡಿದ ಹಾಳೆ ಬೇರೆ. ಅವರ ಮುಖ ಬಿಗಿಯಾಯಿತು.

"ಯಾವ ಕಂಪ್ನಿಯಿಂದ ಬಂದಿದೀರ ಮೇಡಂ? ಬೋರ್ಡ್ ತೆಗೀರಿ ಅಂತ ಹೇಳೋಕಾ?"

ಜರ್ಮನಿಯ ಕಂಪನಿಯವರು ಹೆಸರಿಗಾಗಿ ಕೇಸು ಹಾಕುತ್ತಾರೆ ಎಂದು ಪಕ್ಕದ ಬೀದಿಯ ಯಾರೋ ಅವರನ್ನು ಹಿಂದೆ ಹೆದರಿಸಿದ್ದರಂತೆ. ಬೋರ್ಡು ಹೋದರೆ ಹೋಗಲಿ, ಇನ್ನೊಂದು ಬರೆಸಬಹುದು. ಆದರೆ ಆ ಹೆಸರು ಅವರ ಪಾಸ್‌ಪೋರ್ಟಿನಲ್ಲಿತ್ತು, ಮಕ್ಕಳ ಆಧಾರ್‌ನಲ್ಲಿತ್ತು, ದೊಡ್ಡ ಮಗಳು ಸುಷ್ಮಾಳ ಡಿಪ್ಲೊಮಾ ಮಾರ್ಕ್ಸ್ ಕಾರ್ಡುಗಳಲ್ಲಿತ್ತು. ಅದನ್ನೆಲ್ಲ ಈಗ ಬದಲಾಯಿಸಬೇಕಾದರೆ ಏನು ಗತಿ ಎಂದು ಒಂದೇ ಉಸಿರಿನಲ್ಲಿ ಕೇಳಿದರು. ನಾನು ಯಾವ ಕಂಪನಿಯ ವಕೀಲಳೂ ಅಲ್ಲ, ಲೆಕ್ಕ ಹಾಕುವವಳು ಎಂದೆ. ಅದರಿಂದ ಅವರಿಗೇನೂ ಧೈರ್ಯ ಬಂದಂತೆ ಕಾಣಲಿಲ್ಲ.

ಅವರ ಹೆಂಡತಿ ಲತಾ ಪ್ಲಾಸ್ಟಿಕ್ ಕುರ್ಚಿ ತಂದಿಟ್ಟರು. "ಕೂತ್ಕೊಳ್ಳಿ ಮೇಡಂ. ಕೊರಿಯರ್‌ನವ್ರು ಬಂದ್ರೂ ಇವ್ರು ಹಿಂಗೇ ಕೇಳ್ತಾರೆ."

ಲೇತಿನ ಸದ್ದು ನಿಂತಿತು. ಅದರ ಹಿಂದಿನಿಂದ ಮೋಹನ್ ಅವರ ತಂದೆ ಎದ್ದು ಬಂದರು. ಮುನಿಯಪ್ಪ, ಎಪ್ಪತ್ತಾರು ವರ್ಷ, ಖಾಕಿ ಅಂಗಿ, ಕಿವಿಯ ಸಂದಿಯಲ್ಲಿ ಪೆನ್ಸಿಲ್ಲು.

"ಕೇಸ್ ಹಾಕೋವ್ರು ಆಟೋದಲ್ಲಿ ಬರ್ತಾರೇನೋ, ಮೋಹನ?" ಎಂದು ಮಗನನ್ನು ಕೇಳಿ, ನನ್ನತ್ತ ತಿರುಗಿ, "ಬಾಮ್ಮ, ಹೆಸರು ಎಲ್ಲಿಂದ ಬಂತು ಅಂತ ತೋರಿಸ್ತೀನಿ" ಎಂದರು.

ಲೇತಿನ ಎಡಬದಿಯಲ್ಲಿ ಅಂಗೈ ಅಗಲದ ಹಿತ್ತಾಳೆ ಫಲಕವಿತ್ತು. ನಾಲ್ಕು ಸ್ಕ್ರೂಗಳಲ್ಲಿ ಮೂರು ಹಳೆಯವು, ಒಂದು ಹೊಸದು. ಫಲಕದ ಮೇಲೆ ನನ್ನ ಪಟ್ಟಿಯಲ್ಲಿದ್ದ ಹೆಸರೇ, ಅದೇ ಅಕ್ಷರಗಳಲ್ಲಿ. ಅದರ ಕೆಳಗೆ ಒಂದು ಊರು. ಆ ಊರು ನನ್ನ ಪಟ್ಟಿಯ ಮೂರನೇ ಸಾಲಿನಲ್ಲಿತ್ತು.

ಮುನಿಯಪ್ಪನವರು ಹೆಗ್ಗನಹಳ್ಳಿಯ ಹಳೆಯ ರೈತ ಮನೆತನದವರು. ಹರೆಯದಲ್ಲಿ ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಕಾರ್ಖಾನೆಗೆ ಟರ್ನರ್ ಆಗಿ ಸೇರಿದರು. ಅಂದರೆ ಲೇತಿನಲ್ಲಿ ಕಬ್ಬಿಣ ಕಡೆಯುವ ಕೆಲಸ. ಅಲ್ಲಿ ಮುನಿಯಪ್ಪ ಎಂಬ ಹೆಸರಿನವರು ನಾಲ್ಕು ಜನ ಇದ್ದರಂತೆ. ಎಸ್ಟೇಟಿನಲ್ಲಿ ಆಗಿನ ರೂಢಿ ಎಂದರೆ ಮನುಷ್ಯನನ್ನು ಅವನ ಮೆಷೀನಿನ ಹೆಸರಿನಿಂದ ಗುರುತಿಸುವುದು. ಮಿಲ್ಲಿಂಗ್ ಮೂರ್ತಿ, ಶೇಪರ್ ಶಿವಣ್ಣ. ಈ ಜರ್ಮನ್ ಲೇತಿನಲ್ಲಿ ಕೆಲಸ ಮಾಡುತ್ತಿದ್ದವರು ಬ್ರೂಲಾಕರ್ ಮುನಿಯಪ್ಪ ಆದರು. ಕಾರ್ಖಾನೆ ಮುಚ್ಚಿದಾಗ ಲೇತನ್ನು ಗುಜರಿಗೆ ಹಾಕಲು ಹೊರಟಿದ್ದರು. ಅವರು ಅದನ್ನು ಲಾರಿಯಲ್ಲಿ ಹೇರಿಸಿ ಊರಿಗೆ ತಂದು, ಸ್ವಂತ ಶೆಡ್ಡು ಹಾಕಿ, ಮೆಷೀನಿನ ಹೆಸರನ್ನೇ ಬೋರ್ಡಿನ ಮೇಲೆ ಬರೆಸಿದರು.

ಬೋರ್ಡಿನಿಂದ ಅದು ಮನೆಯೊಳಗೆ ಹೋದ ಬಗೆಯನ್ನು ಮೋಹನ್ ಹೇಳಿದರು. ನಮ್ಮ ಕಡೆಯ ಬಹುಪಾಲು ಮನೆಗಳಂತೆ ಇವರಿಗೂ ಕುಲನಾಮ ಇರಲಿಲ್ಲ. ಹೆಸರಿನ ಜೊತೆಗೆ ಒಂದು ಇನಿಷಿಯಲ್, ಅಷ್ಟೆ. ಪಾಸ್‌ಪೋರ್ಟಿಗೆ ಅರ್ಜಿ ತುಂಬಿಸಲು ಸೈಬರ್ ಸೆಂಟರಿಗೆ ಹೋದಾಗ ಅಲ್ಲಿಯವನು ಸರ್‌ನೇಮ್ ಖಾಲಿ ಬಿಡಬಾರದು ಎಂದನಂತೆ. ಹಿಂದೆ ಜನ ಕಾಯುತ್ತಿದ್ದರು. ಎಲ್ಲರೂ ಕರೆಯುವ ಹೆಸರನ್ನೇ ಮೋಹನ್ ಹೇಳಿದರು. ಆಮೇಲೆ ತಮ್ಮ, ಇಬ್ಬರ ಹೆಂಡತಿಯರು, ಮಕ್ಕಳು, ಎಲ್ಲರ ಕಾಗದಗಳಲ್ಲೂ ಅದೇ ಬಂತು.

"ಮಕ್ಳನ್ನ ಸ್ಕೂಲಲ್ಲಿ ಫಾರಿನ್ ಪಾರ್ಟಿ ಅಂತ ರೇಗಿಸ್ತಾರೆ" ಎಂದರು ಲತಾ. "ಫಾರಿನ್ನೂ ಇಲ್ಲ, ಪಾರ್ಟೀನೂ ಇಲ್ಲ."

ನಾನು ಹಾಳೆಯ ಹಿಂಬದಿಯಲ್ಲಿ ಎಣಿಸಿದೆ. ಇಬ್ಬರು ಗಂಡುಮಕ್ಕಳು, ಇಬ್ಬರು ಸೊಸೆಯರು, ಏಳು ಮೊಮ್ಮಕ್ಕಳು. ಹನ್ನೊಂದು ಜನ. ಚಿಕ್ಕವರಿಬ್ಬರಿಗೆ ಇನ್ನೂ ಫೋನಾಗಲಿ ಯಾವುದೇ ಖಾತೆಯಾಗಲಿ ಇಲ್ಲದ್ದರಿಂದ ಪಟ್ಟಿಯಲ್ಲಿ ಒಂಬತ್ತು. ಜರ್ಮನಿಯಲ್ಲಿ ಒಂದು ಸಾಲಿಗೆ ಒಂದು ಮನೆ ಸರಿ. ಇಲ್ಲಿ ಇರುವುದು ಒಬ್ಬೊಬ್ಬರ ಮೊಬೈಲು, ಹಾಗಾಗಿ ಒಂದು ಸಾಲಿಗೆ ಒಬ್ಬರೇ. ನಾನು ಒಂದೇ ಮನೆಯನ್ನು ಒಂಬತ್ತು ಮಾಡಿ, ಅದನ್ನು ಮೂರರಿಂದ ಗುಣಿಸಿದ್ದೆ. ಇಪ್ಪತ್ತೇಳರಲ್ಲಿ ಹದಿನಾರು ಜನ ಹುಟ್ಟೇ ಇರಲಿಲ್ಲ.

ಹನ್ನೆರಡನೆಯವರಾಗಿ ಮುನಿಯಪ್ಪನವರನ್ನು ಸೇರಿಸಲು ಹೊರಟೆ. ಅವರು ಅಂಗಿಯ ಜೇಬಿನಿಂದ ಆಧಾರ್ ಕಾರ್ಡು ತೆಗೆದು ತೋರಿಸಿದರು. ಅದರಲ್ಲಿ ಬರೀ ಮುನಿಯಪ್ಪ ಎಂದಿತ್ತು. ಮನೆಗೆಲ್ಲ ಹೆಸರು ತಂದವರ ಕಾಗದದಲ್ಲಿ ಆ ಹೆಸರಿರಲಿಲ್ಲ.

ಹೆಸರಿನ ಅರ್ಥವೇನೆಂದು ಅವರೇ ಕೇಳಿದರು. ಐವತ್ತು ವರ್ಷದಿಂದ ಬಾಯಲ್ಲಿರುವ ಪದದ ಅರ್ಥ ಅವರಿಗೆ ಯಾರೂ ಹೇಳಿರಲಿಲ್ಲ. ಜೌಗಿನ ಪಕ್ಕದ ಹೊಲ ಎಂದೆ.

"ನಮ್ಮಪ್ಪಂದೂ ಕೆರೆ ಕೆಳಗಿನ ಗದ್ದೇನೇ. ಈಗ ಅದ್ರ ಮೇಲೆ ಮೂರು ಅಂತಸ್ತು ಎದ್ದಿದೆ."

ಪಾದ್ರಿಗಳ ಮೂಲಕ ಬಂತು ಎಂದು ಬರೆದು ಕಳಿಸಿದ್ದೇನೆಂದು ನಾನು ಅವರ ಮುಂದೆ ಒಪ್ಪಿಕೊಂಡೆ. ಮೋಹನ್ ಆ ದಿನ ಮೊದಲ ಸಲ ನಕ್ಕರು. ಆಮೇಲೆ ಒಂದೇ ಪ್ರಶ್ನೆ ಕೇಳಿದರು.

"ಈಗ ನಿಜ ಗೊತ್ತಾಯ್ತಲ್ಲ ಮೇಡಂ. ಆ ಪುಸ್ತಕದಲ್ಲಿ ನಾವು ಇರ್ತೀವೋ, ಇಲ್ವೋ?"

ಸೋಮವಾರ ಸಂಪಾದಕಿಯನ್ನು ಕೇಳಿ ತಿಳಿಸುತ್ತೇನೆ ಎಂದು, ಫಲಕದ ಫೋಟೋ ತೆಗೆದುಕೊಂಡು ಹೊರಟೆ.

ಸೋಮವಾರ ಮಧ್ಯಾಹ್ನ ಉಟೆ ಅವರ ಜೊತೆ ವಿಡಿಯೋ ಕರೆಯಿತ್ತು. ನಾನು ಮೊದಲು ನನ್ನ ಎರಡು ತಪ್ಪುಗಳನ್ನು ಹೇಳಿದೆ: ಮೂಲ ತಪ್ಪು, ಸಂಖ್ಯೆ ತಪ್ಪು. ಆಮೇಲೆ ಫೋಟೋ ತೋರಿಸಿದೆ. ಪಕ್ಕದಲ್ಲಿ ಕೂತಿದ್ದ ಸತೀಶ್ ಸಾರ್ ಕೆಮ್ಮಿದರು. ರಕ್ತಸಂಬಂಧವೇ ಇಲ್ಲದ ಮೇಲೆ ಇವರನ್ನು ಆ ಕುಲದವರೆಂದು ಎಣಿಸುವುದು ಹೇಗೆ ಎಂದು ಉಟೆ ಕೇಳಿದರು. ನ್ಯಾಯವಾದ ಪ್ರಶ್ನೆ.

ಆ ಎರಡು ದಿನ ನಾನು ಅದನ್ನೇ ಯೋಚಿಸಿದ್ದೆ. ನಮ್ಮ ಕೋಶದ ಮುನ್ನುಡಿಯಲ್ಲಿ ಜನಸಂಖ್ಯೆ ಎಂದರೆ ಆ ಹೆಸರನ್ನು ಕಾನೂನುಬದ್ಧವಾಗಿ ಇಟ್ಟುಕೊಂಡಿರುವವರ ಸಂಖ್ಯೆ ಎಂದಿದೆ. ಮದುವೆಯಾಗಿ ಆ ಹೆಸರು ಪಡೆದ ಜರ್ಮನ್ ಹೆಂಗಸರನ್ನು ನಾವು ಎಣಿಸುತ್ತೇವೆ. ದತ್ತು ಬಂದ ಮಕ್ಕಳನ್ನೂ ಎಣಿಸುತ್ತೇವೆ. ಅವರ ರಕ್ತ ಕೇಳುವುದಿಲ್ಲ. ಮತ್ತೆ ಹೆಗ್ಗನಹಳ್ಳಿಯವರನ್ನು ಮಾತ್ರ ಯಾಕೆ ಕೇಳಬೇಕು? ಮೊದಲ ಬ್ರೂಲಾಕರನಿಗೆ ಹೊಲದಿಂದ ಹೆಸರು ಬಂತು, ಇವರಿಗೆ ಲೇತಿನಿಂದ. ಇಬ್ಬರಿಗೂ ಅದು ದುಡಿದ ಜಾಗದಿಂದಲೇ ಬಂದದ್ದು. ಇಷ್ಟನ್ನು ದನಿ ಏರಿಸದೆ ಹೇಳಿ, ಸಂಖ್ಯೆ ಐವತ್ತು ಎಂದೆ: ಅಲ್ಲಿ ಮೂವತ್ತೊಂಬತ್ತು, ಇಲ್ಲಿ ಹನ್ನೊಂದು.

ಉಟೆ ಏನೋ ಟೈಪ್ ಮಾಡುತ್ತಿದ್ದರು. ಫಲಕದ ಮೇಲಿನ ಊರಿನ ಕಾರ್ಖಾನೆಯನ್ನು ಹುಡುಕುತ್ತಿದ್ದರು ಎಂದು ಆಮೇಲೆ ತಿಳಿಯಿತು. ಅದು ಆ ಹೆಸರಿನ ಕುಟುಂಬದ್ದೇ, ಮುಚ್ಚಿ ಬಹಳ ಕಾಲವಾಗಿತ್ತು. ಅವರು ತಲೆಯೆತ್ತಿ, ಹನ್ನೊಂದು ಜನ ಇರಲಿ, ಆದರೆ ಮೂಲದ ಭಾಗವನ್ನು ಪೂರ್ತಿ ಹೊಸದಾಗಿ ಬರೆದುಕೊಡಿ ಎಂದರು. ಕರೆ ಮುಗಿದ ಮೇಲೆ ಸತೀಶ್ ಸಾರ್, "ಇನ್ಮೇಲೆ ಎಲ್ಲಾ ಸಾಲಿಗೂ ಆಟೋ ಮಾಡ್ಕೊಂಡು ಹೋಗ್ಬೇಡಿ ಮತ್ತೆ" ಎಂದು ಎದ್ದು ಹೋದರು.

ಈಗ ನಮ್ಮ ನಮೂನೆಯಲ್ಲಿ ಒಂದು ಕಾಲಂ ಹೆಚ್ಚಿದೆ. ಅದಕ್ಕೆ 'ತಿಳಿದಿಲ್ಲ' ಎಂದು ಶೀರ್ಷಿಕೆ. ನಾನೇ ಕೇಳಿ ಸೇರಿಸಿದ್ದು. ಈ ಕೆಲಸ ನನಗೆ ಕಲಿಸಿದ್ದು ಇಷ್ಟು: ಯಾರು ಹೆಸರನ್ನು ಹೊತ್ತಿದ್ದಾರೆ ಎನ್ನುವುದು ಒಂದು ಪ್ರಶ್ನೆ, ಅದು ಅವರಿಗೆ ಹೇಗೆ ಬಂತು ಎನ್ನುವುದು ಇನ್ನೊಂದು. ಎರಡನೆಯದಕ್ಕೆ ಉತ್ತರ ಗೊತ್ತಿಲ್ಲವೆಂದು ಮೊದಲನೆಯದನ್ನು ಅಳಿಸಬಾರದು; ಅಳಿಸದಿರಲಿಕ್ಕೆಂದು ಉತ್ತರವನ್ನು ಕಟ್ಟಲೂಬಾರದು. ನಾನು ಅಳಿಸುವ ಅಂಚಿಗೆ ಹೋಗಿದ್ದೆ, ಕಟ್ಟಿಯೂ ಕಳಿಸಿದ್ದೆ.

ಉಟೆ ಅವರ ಕರೆಯ ಮರುದಿನ ಬೆಳಿಗ್ಗೆ ಒಂಬತ್ತಕ್ಕೆ, ಕಂಪ್ಯೂಟರ್ ಆನ್ ಮಾಡುವ ಮೊದಲು, ವರ್ಕ್‌ಶಾಪಿಗೆ ಫೋನ್ ಮಾಡಿದೆ. ನೀವು ಪುಸ್ತಕದಲ್ಲಿ ಇರ್ತೀರ ಎಂದು ಮೋಹನ್ ಅವರಿಗೆ ಹೇಳಿದೆ. ಅವರು ಫೋನನ್ನು ತಂದೆಗೆ ಕೊಟ್ಟರು. ಮುನಿಯಪ್ಪನವರ ಹೆಸರು ಬರೆಯಲು ಒಪ್ಪಿಗೆ ಕೇಳಿ, ರಾತ್ರಿ ಹಾಳೆಯಲ್ಲಿ ಬರೆದಿಟ್ಟಿದ್ದ ಹೊಸ ಪ್ಯಾರಾವನ್ನು ಕನ್ನಡದಲ್ಲಿ ನಿಧಾನವಾಗಿ ಓದಿದೆ: ಇಂಡಸ್ಟ್ರಿಯಲ್ ಎಸ್ಟೇಟು, ಟರ್ನರ್ ಮುನಿಯಪ್ಪ, ಗುಜರಿಗೆ ಹೊರಟಿದ್ದ ಲೇತು, ಬೋರ್ಡು, ಹನ್ನೊಂದು ಜನ.

"ಎಲ್ಲಾ ಸರಿಯಾಗಿದೆ ಕಣಮ್ಮ" ಎಂದರು. "ಆದ್ರೆ ಇದನ್ನ ಓದಿದೋರು ಮೆಷೀನು ನಿಂತೋಗಿದೆ ಅಂದ್ಕೋತಾರೆ. ಓಡ್ತಾ ಇದೆ ಅಂತ ಒಂದು ಮಾತು ಸೇರಿಸು. ಅಲ್ಲಿಯೋರಿಗೆ ಗೊತ್ತಾಗ್ಲಿ."

ಅವರ ಹಿಂದೆ ಅದು ಓಡುತ್ತಿರುವುದು ನನಗೆ ಫೋನಿನಲ್ಲೇ ಕೇಳಿಸುತ್ತಿತ್ತು. ಆ ವಾಕ್ಯವನ್ನು ಸೇರಿಸಿ, ಪುಟವನ್ನು ಕಳಿಸಿದೆ.